ಹಳೇ ಕಾರು: ರಿಪೇರಿಯೋ, ಗುಜರಿಯೋ?

ಪ್ರಶ್ನೆ: ನಮ್ಮದು 2009ರ ಮಾರುತಿ 800. ಬಾಗಿಲ ಕೆಳಗೆಲ್ಲ ತುಕ್ಕು. ರಿಪೇರಿ ಮಾಡಿಸಿ ಮಾರಲೋ, ಹಾಗೇ ಕೊಡಲೋ?
– ಓದುಗರು, ಬೋಗಾದಿ, ಮೈಸೂರು

ಉತ್ತರ: ಹಾಗೇ ಕೊಡಿ. ಟಿಂಕರಿಂಗ್, ಪೇಂಟಿಂಗಿಗೆ ಸುರಿದ ದುಡ್ಡು ಇಂಥ ಕಾರಿನಲ್ಲಿ ವಾಪಸು ಬರುವುದಿಲ್ಲ. ತೊಳೆಸಿ, ಬ್ಯಾಟರಿ ಸರಿಮಾಡಿಸಿದರೆ ಸಾಕು. ಗಿರಾಕಿ ನೋಡುವುದು ಆರ್‌ಸಿಯನ್ನು. 15 ವರ್ಷ ದಾಟಿದೆಯಲ್ಲ, ನವೀಕರಿಸಿದ್ದರೆ ಇನ್ನೂ 5 ವರ್ಷದ ಆಯಸ್ಸು. ಕಾರು ಕಲಿಯುವವರು ಖುಷಿಯಿಂದ ಒಯ್ಯುತ್ತಾರೆ. ನವೀಕರಿಸಿಲ್ಲವೇ? ಎಫ್‌ಸಿ, ಹಸಿರು ತೆರಿಗೆಯ ಖರ್ಚು ಲೆಕ್ಕ ಹಾಕಿ. ಅದು ಭಾರವೆನಿಸಿದರೆ ಸರ್ಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರವೇ ಮೇಲು. ಅಲ್ಲಿನ ಪ್ರಮಾಣಪತ್ರ ಹೊಸ ಕಾರಿನ ತೆರಿಗೆ ರಿಯಾಯಿತಿಗೆ ಬರುತ್ತದೆ.

ಮಾರುವುದಾದರೆ, ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗಿಟ್ಟು ಮರೆಯಬೇಡಿ. 14 ದಿನದೊಳಗೆ ಆರ್‌ಟಿಒಗೆ ನೀವೇ ತಿಳಿಸಿ. ಹೆಸರು ಬದಲಾಗದ ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.