ನೂರರಲ್ಲಿ ಐವರು

ಕಚೇರಿಯ ಸಭಾಕೊಠಡಿಗಳನ್ನು ಕಾದಿರಿಸುವ ಕೆಲಸ ನಿಮ್ಮದು ಎಂದುಕೊಳ್ಳಿ. ಕೋರಿಕೆಗಳು ಇಮೇಲ್‌ನಲ್ಲಿ ಬಂದಿವೆ. ಯಾವ ಕೊಠಡಿ ಯಾವಾಗ ಖಾಲಿ ಎಂಬುದು ಇನ್ನೊಂದು ಪರದೆಯಲ್ಲಿದೆ. ಹೊಂದಿಸುತ್ತ ಹೋದಂತೆ ಒಂದು ಕೋರಿಕೆಗೆ ಜಾಗವೇ ಇಲ್ಲವೆಂದು ತಿಳಿಯುತ್ತದೆ. ಆ ವ್ಯಕ್ತಿಗೆ ಆಗುವುದಿಲ್ಲವೆಂದು ಉತ್ತರ ಬರೆಯಬೇಕು.

ಒಇಸಿಡಿ ಎಂಬ ಬಹುಪಾಲು ಸಿರಿವಂತ ದೇಶಗಳ ಕೂಟ ವಯಸ್ಕರ ಕೌಶಲ ಅಳೆಯಲು ಇಟ್ಟ ಅತಿ ಕಠಿಣ ಪ್ರಶ್ನೆಗಳಲ್ಲಿ ಇದೂ ಒಂದು. 2011ರಿಂದ 2015ರ ನಡುವೆ ಎರಡು ಸುತ್ತುಗಳಲ್ಲಿ ನಡೆದ ಈ ಸಮೀಕ್ಷೆಗೆ 33 ದೇಶಗಳ, 16ರಿಂದ 65 ವರ್ಷದೊಳಗಿನ ಎರಡು ಲಕ್ಷಕ್ಕೂ ಹೆಚ್ಚು ಜನ ಒಳಪಟ್ಟರು. ಕಂಪ್ಯೂಟರ್ ಬಳಸಿ ಸಮಸ್ಯೆ ಬಿಡಿಸುವ ಭಾಗದಲ್ಲಿ ಅತಿ ಮೇಲಿನ ಹಂತ ಮುಟ್ಟಿದವರು ಸರಾಸರಿ ನೂರಕ್ಕೆ ಐದು ಮಂದಿ. ಸುಮಾರು ಕಾಲುಭಾಗ ಜನ ಆ ಭಾಗಕ್ಕೆ ಕೂರಲೇ ಇಲ್ಲ. ಅವರಲ್ಲಿ ಕೆಲವರು ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಕೆಲವರು ಮೌಸ್ ಹಿಡಿದು ಸಾಲು ಗುರುತಿಸುವಂಥ ಆರಂಭದ ಪರೀಕ್ಷೆಯನ್ನೇ ದಾಟಲಿಲ್ಲ. ಉಳಿದವರು ಕಾಗದದಲ್ಲೇ ಬರೆಯುತ್ತೇವೆ ಎಂದರು.

ಕೊಠಡಿಯ ಪ್ರಶ್ನೆಯಲ್ಲಿ ಒತ್ತಬೇಕಾದ ಗುಂಡಿಗಳೇನೂ ಕಷ್ಟದವಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಹೇಳಿಕೊಡುವುದಿಲ್ಲ, ಅಲ್ಲಿದೆ ತೊಡಕು. ದೊಡ್ಡ ಕೆಲಸವನ್ನು ತಾನೇ ತುಂಡು ಮಾಡಿಕೊಳ್ಳಬೇಕು. ಒಂದು ಪರದೆಯಲ್ಲಿ ಓದಿದ್ದನ್ನು ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ನೆನಪಿನಲ್ಲಿ ಹಿಡಿದಿರಬೇಕು. ನಡುವೆ ಅಡ್ಡಿ ಬಂದರೆ ಗುರುತಿಸಿ ದಾರಿ ಬದಲಿಸಬೇಕು. ಆಹ್ವಾನವೊಂದಕ್ಕೆ ಬಂದ ಉತ್ತರಗಳನ್ನು ಎರಡು ಫೋಲ್ಡರ್‌ಗಳಿಗೆ ವಿಂಗಡಿಸುವ ಕೆಳಹಂತದ ಪ್ರಶ್ನೆಯಲ್ಲಿ ಇದಾವುದೂ ಬೇಕಿರಲಿಲ್ಲ.

ಫೋನ್ ಹಿಡಿದೇ ಬೆಳೆದ ಮಕ್ಕಳಿಗೆ ಇದೆಲ್ಲ ತಾನಾಗಿ ಬರುತ್ತದೆಂದು ನಾವು ನಂಬಿದ್ದೇವೆ. ಆ ನಂಬಿಕೆ ಅಪಾಯಕಾರಿ. 16ರಿಂದ 24ರ ವಯಸ್ಸಿನವರು ಹಿರಿಯರಿಗಿಂತ ಬಹಳ ಮುಂದಿದ್ದರು, ನಿಜ. ಆದರೂ ಮೇಲಿನ ಎರಡು ಹಂತಗಳಿಗೆ ಏರಿದವರು ಅವರಲ್ಲೂ ಸುಮಾರು ಅರ್ಧದಷ್ಟೇ. ಚಿತ್ರ ಸರಿಸುತ್ತ ಹೋಗಲು ಯೋಜನೆ ಬೇಕಾಗುವುದಿಲ್ಲವಲ್ಲ!

ಇದೇ ಸಮೀಕ್ಷೆಯ ಇನ್ನೊಂದು ಫಲಿತಾಂಶ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಗಟ್ಟಿಯಿದ್ದವರೇ ಬಹುಮಟ್ಟಿಗೆ ಕಂಪ್ಯೂಟರ್ ಮುಂದೆಯೂ ಗೆದ್ದರು. ಉದ್ದದ ಬರಹದಿಂದ ಬೇಕಾದದ್ದನ್ನು ಹೆಕ್ಕುವುದು, ಎರಡು ಮಾತುಗಳನ್ನು ಹೋಲಿಸಿ ಯಾವುದನ್ನು ನಂಬಬೇಕೆಂದು ತೂಗುವುದು ಎರಡು ಕಡೆಯೂ ಬೇಕು.

ಭಾರತ ಈ ಸಮೀಕ್ಷೆಯಲ್ಲಿರಲಿಲ್ಲ. ಆದರೆ ಅದು ಕಲಿಸುವ ಪಾಠ ನಮ್ಮ ಶಾಲೆಗಳಿಗೂ ಸಲ್ಲುತ್ತದೆ. ಕಂಪ್ಯೂಟರ್ ತರಗತಿಯಲ್ಲಿ ಮೆನುಗಳ ಹೆಸರು ಬಾಯಿಪಾಠ ಮಾಡಿಸುವ ಬದಲು, ಶಾಲೆಯ ಗ್ರಂಥಾಲಯದ ಪಟ್ಟಿ ತಯಾರಿಸುವಂಥ ನಿಜವಾದ ಕೆಲಸ ಕೊಡಿ, ದಾರಿಯನ್ನು ಮಕ್ಕಳೇ ಹುಡುಕಿಕೊಳ್ಳಲಿ. ಓದಿಗಿಟ್ಟ ಸಮಯವನ್ನು ಮಾತ್ರ ಕಂಪ್ಯೂಟರ್‌ಗಾಗಿ ಕತ್ತರಿಸಬೇಡಿ.