1955: ಬ್ರೇಕುಗಳ ವರ್ಷ

1,100 ಕಿಲೋ ತೂಕದ ಕಾರೊಂದು ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಎದುರಿಗೆ ಕಡಿದಾದ ತಿರುವು. ವೇಗವನ್ನು 50ಕ್ಕೆ ಇಳಿಸಲೇಬೇಕು. ಚಲನಶಕ್ತಿಯ ಸೂತ್ರ ಹೈಸ್ಕೂಲಿನಲ್ಲಿ ಕಲಿತದ್ದೇ: ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ ಅರ್ಧ ಮಾಡಿದರಾಯಿತು. ಲೆಕ್ಕ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಸುಮಾರು 30 ಲಕ್ಷ ಜೂಲ್ ಶಕ್ತಿಯನ್ನು ಕಳೆಯಬೇಕಾಗುತ್ತದೆ. ಒಂಬತ್ತು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಶಾಖ ಸಾಕು. ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಈ ಕೆಲಸ ಸುತ್ತಿಗೊಮ್ಮೆ, ಅಂದರೆ ನಾಲ್ಕು ಚಿಲ್ಲರೆ ನಿಮಿಷಕ್ಕೊಮ್ಮೆ, ಇಪ್ಪತ್ನಾಲ್ಕು ಗಂಟೆ ನಡೆಯಬೇಕು. ಉಳಿದ ತಿರುವುಗಳ ಲೆಕ್ಕ ಬೇರೆ.

ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಷಿಪ್ 1953ರಲ್ಲಿ ಶುರುವಾಯಿತು. 1955ರ ಋತುವಿನಲ್ಲಿ ಬ್ಯೂನಸ್ ಐರಿಸ್‌ನಿಂದ ಸಿಸಿಲಿಯವರೆಗೆ ಆರು ರೇಸುಗಳು ನಡೆದವು. ಆ ವರ್ಷದ ಕತೆಯನ್ನು ಎಂಜಿನ್‌ಗಳ ಕತೆಯಾಗಿ ಹೇಳುವವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ. ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರಿನಲ್ಲಿ ಎಂಟು ಸಿಲಿಂಡರುಗಳು ಸಾಲಾಗಿ ನಿಂತಿದ್ದವು, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಏರ್ಪಾಡಿತ್ತು, ಅಶ್ವಶಕ್ತಿ 300ರ ಆಸುಪಾಸು. ಆದರೆ ಅಂದಿನ ಎಂಜಿನಿಯರುಗಳ ನಿದ್ದೆಗೆಡಿಸಿದ್ದು ಬ್ರೇಕು ಎಂಬುದು ನನ್ನ ಎಣಿಕೆ.

ಆಗ ಬಹುಪಾಲು ಕಾರುಗಳಲ್ಲಿದ್ದದ್ದು ಡ್ರಮ್ ಬ್ರೇಕ್. ಚಕ್ರದ ಜೊತೆ ತಿರುಗುವ ಲೋಹದ ಡ್ರಮ್ಮಿನ ಒಳಮೈಗೆ ಎರಡು ಶೂಗಳು ಒತ್ತಿಕೊಳ್ಳುತ್ತವೆ. ಉಜ್ಜಿದಂತೆಲ್ಲ ಕಾವು. ಕಾದ ಡ್ರಮ್ ಹಿಗ್ಗುತ್ತದೆ. ಹಿಗ್ಗಿದಾಗ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಕ್ಕೆ ಹೋಗುತ್ತದೆ. ಶೂಗಳ ಮೈಗೆ ಅಂಟಿಸಿದ ಲೈನಿಂಗ್ ವಿಪರೀತ ಕಾದರೆ ಅದರ ಘರ್ಷಣೆಯೂ ಕುಸಿಯುತ್ತದೆ. ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿದ ಲಾರಿ ಡ್ರೈವರುಗಳಿಗೆ ಇದು ಗೊತ್ತು: ಕೊನೆಕೊನೆಗೆ ಬ್ರೇಕ್ ಹಿಡಿಯುವುದೇ ಇಲ್ಲ.

ಇಂಗ್ಲೆಂಡಿನ ಜಾಗ್ವಾರ್ ಕಂಪನಿ ಡನ್‌ಲಪ್ ಜೊತೆ ಸೇರಿ ಬೇರೆ ದಾರಿ ಹುಡುಕಿತು. ಡ್ರಮ್ಮಿನ ಬದಲು ಒಂದು ತಟ್ಟೆ, ಅದನ್ನು ಎರಡೂ ಕಡೆಯಿಂದ ಅಮುಕುವ ಪ್ಯಾಡುಗಳು. ವಿಮಾನದ ಚಕ್ರಗಳಲ್ಲಿ ಅದಾಗಲೇ ಬಳಕೆಯಲ್ಲಿದ್ದ ಉಪಾಯವಿದು. ತಟ್ಟೆ ಕಾದು ದಪ್ಪವಾದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಮುಚ್ಚಿದ ಡಬ್ಬಿಯಿಲ್ಲ, ಆದ್ದರಿಂದ ಎದುರುಗಾಳಿ ನೇರ ತಟ್ಟೆಗೇ ಬಡಿದು ಶಾಖವನ್ನು ಒಯ್ಯುತ್ತದೆ. 1953ರ ಲ ಮಾನ್‌ನಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರುಗಳು ಮೊದಲ, ಎರಡನೆಯ ಮತ್ತು ನಾಲ್ಕನೆಯ ಸ್ಥಾನ ಹಿಡಿದವು. ಡ್ರೈವರ್ ತಿರುವಿಗೆ ಇನ್ನಷ್ಟು ಹತ್ತಿರ ಹೋಗಿ ಬ್ರೇಕ್ ಒತ್ತಬಹುದಿತ್ತು. ರೇಸಿನಲ್ಲಿ ಅದೇ ದೊಡ್ಡ ಲಾಭ.

ಮರ್ಸಿಡಿಸ್ ಮಾತ್ರ ಡ್ರಮ್ ಬಿಡಲಿಲ್ಲ. ಚಕ್ರದೊಳಗೆ ಹಿಡಿಸದಷ್ಟು ದೊಡ್ಡ ಡ್ರಮ್ಮುಗಳನ್ನು ಮಾಡಿ ಕಾರಿನ ಮೈಯೊಳಗೇ ಕೂರಿಸಿತು. 1955ರ ಮೇ 1ರಂದು ಇಟಲಿಯ ಮಿಲ್ಲೆ ಮಿಲಿಯಾ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್ ಸುಮಾರು 1,600 ಕಿಲೋಮೀಟರ್ ದಾರಿಯನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದ್ದು ಈ ಡ್ರಮ್ಮುಗಳನ್ನು ನಂಬಿಯೇ. (ಪಕ್ಕದಲ್ಲಿ ಕೂತ ಪತ್ರಕರ್ತ ಡೆನಿಸ್ ಜೆಂಕಿನ್‌ಸನ್, ತಿರುವುಗಳನ್ನೆಲ್ಲ ಬರೆದಿಟ್ಟ ಉದ್ದನೆಯ ಕಾಗದದ ಸುರುಳಿಯನ್ನು ಸುತ್ತುತ್ತ ಕೈಸನ್ನೆಯಲ್ಲೇ ದಾರಿ ಹೇಳಿದರು. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸುವಂತಿರಲಿಲ್ಲ.)

ಲ ಮಾನ್‌ಗೆ ಅಷ್ಟು ಸಾಲದು ಎಂದು ಮರ್ಸಿಡಿಸ್‌ನವರಿಗೂ ಗೊತ್ತಿತ್ತು. ಡ್ರೈವರಿನ ಬೆನ್ನ ಹಿಂದೆ ಒಂದು ಅಗಲವಾದ ಹಲಗೆ ಇಟ್ಟರು. ಸನ್ನೆಕೋಲು ಎಳೆದರೆ ಅದು ಎದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 270ರ ವೇಗದಲ್ಲಿ ಹಲಗೆ ಬಲವಾಗಿ ಹಿಡಿಯುತ್ತದೆ, ಡ್ರಮ್ಮಿನ ಹೊರೆ ಇಳಿಯುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲುಭಾಗಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ಡ್ರಮ್ಮೇ ಗತಿ. ಜಾಣತನದ ಉಪಾಯ, ಆದರೆ ಅರ್ಧ ಉಪಾಯ.

ಜೂನ್ 11ರ ಸಂಜೆ, ಲ ಮಾನ್‌ನಲ್ಲಿ ರೇಸ್ ಶುರುವಾಗಿ ಎರಡೂವರೆ ಗಂಟೆಯ ಹೊತ್ತಿಗೆ, ಮೈಕ್ ಹಾಥಾರ್ನ್ ತನ್ನ ಜಾಗ್ವಾರ್ ಡಿ-ಟೈಪನ್ನು ಪಿಟ್ (ಇಂಧನ, ರಿಪೇರಿಗೆ ಕಾರು ನಿಲ್ಲುವ ಜಾಗ) ಕಡೆಗೆ ತಂದು ಬ್ರೇಕ್ ಒತ್ತಿದ. ಪಿಟ್‌ಗೂ ಓಟದ ದಾರಿಗೂ ನಡುವೆ ಗೋಡೆ ಇರಲಿಲ್ಲ, ವೇಗ ಇಳಿಸಲು ಬೇರೆ ಓಣಿಯೂ ಇರಲಿಲ್ಲ. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿ ಎಡಕ್ಕೆ ಹೊರಳಿತು. ಅದರ ಹಿಂದೆ ಪಿಯರ್ ಲವೇ ಓಡಿಸುತ್ತಿದ್ದ ಮರ್ಸಿಡಿಸ್, ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿತ್ತು. ಆ ವೇಗದಲ್ಲಿ ಒಂದು ಸೆಕೆಂಡಿಗೆ 67 ಮೀಟರ್. ಕಣ್ಣು ಕಂಡದ್ದು ಕಾಲಿಗೆ ತಿಳಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಯಾವ ಬ್ರೇಕೂ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ಹೀಲಿಯ ಹಿಂಭಾಗ ಏರಿ ಚಿಮ್ಮಿದ ಕಾರು ಮಣ್ಣಿನ ದಿಬ್ಬಕ್ಕೆ ಬಡಿಯಿತು; ಎಂಜಿನ್ ಮತ್ತು ಮುಂದಿನ ಆಕ್ಸಲ್ ಕಿತ್ತು ಜನರ ಮೇಲೆ ಹಾರಿದವು. ಲವೇ ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು.

ತೂಕ ಉಳಿಸಲೆಂದು ಕಾರಿನ ಮೈಯನ್ನು ಮೆಗ್ನೀಸಿಯಮ್ ಮಿಶ್ರಲೋಹದಿಂದ ಮಾಡಲಾಗಿತ್ತು; ಅದಕ್ಕೆ ಬೆಂಕಿ ಹತ್ತಿತು. ಉರಿಯುವ ಮೆಗ್ನೀಸಿಯಮ್ ನೀರಿನಿಂದ ಆಮ್ಲಜನಕವನ್ನೇ ಕಿತ್ತುಕೊಂಡು ಜಲಜನಕವನ್ನು ಹೊರಬಿಡುತ್ತದೆ. ಹಾಗಾಗಿ ಆರಿಸಲು ಸುರಿದ ನೀರು ಬೆಂಕಿಯನ್ನು ಇನ್ನಷ್ಟು ಕೆರಳಿಸಿತು. ರೇಸ್ ನಿಲ್ಲಲಿಲ್ಲ, ಜನ ಒಮ್ಮೆಗೇ ಹೊರಟರೆ ಆಂಬುಲೆನ್ಸ್‌ಗಳಿಗೆ ದಾರಿ ಸಿಗದೆಂಬುದು ಸಂಘಟಕರು ಕೊಟ್ಟ ಕಾರಣ. ಮುಂಚೂಣಿಯಲ್ಲಿದ್ದ ಮರ್ಸಿಡಿಸ್ ತಂಡ ನಡುರಾತ್ರಿಯ ನಂತರ ತನ್ನ ಕಾರುಗಳನ್ನು ಹಿಂದಕ್ಕೆ ಕರೆಯಿತು. ಹಾಥಾರ್ನ್ ಮತ್ತು ಐವರ್ ಬ್ಯೂಬ್ ಗೆದ್ದರು.

ತನಿಖೆ ಯಾವ ಡ್ರೈವರನ್ನೂ ದೂರಲಿಲ್ಲ. ಪಿಟ್ ಪ್ರದೇಶವನ್ನು ಕೆಡವಿ ಅಗಲವಾಗಿ ಕಟ್ಟಲಾಯಿತು. ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ರೇಸುಗಳನ್ನೇ ನಿಷೇಧಿಸಿತು.

ಅಕ್ಟೋಬರ್ 16ರಂದು ಸಿಸಿಲಿಯ ತಾರ್ಗಾ ಫ್ಲೋರಿಯೋದಲ್ಲಿ ಮೊದಲೆರಡು ಸ್ಥಾನ ಗಳಿಸಿ ಮರ್ಸಿಡಿಸ್ ಚಾಂಪಿಯನ್ ಆಯಿತು, ಅದರ ಬೆನ್ನಿಗೇ ರೇಸಿಂಗ್‌ನಿಂದ ಹಿಂದೆ ಸರಿಯಿತು. ತಾರ್ಗಾ ಫ್ಲೋರಿಯೋಗೆ ಸುಮಾರು ಹತ್ತು ದಿನ ಮೊದಲು ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಸಿಟ್ರೊಯೆನ್ ಡಿಎಸ್ ಎಂಬ ಕುಟುಂಬದ ಕಾರು ಬಿಡುಗಡೆಯಾಗಿತ್ತು. ಅದರ ಮುಂದಿನ ಚಕ್ರಗಳಿಗೆ ಇದ್ದದ್ದು ಡಿಸ್ಕ್ ಬ್ರೇಕ್.