ಬೂದಿಕೋಟೆಯಿಂದ ದರಿಯಾ ದೌಲತ್‌ಗೆ

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರಾಲಿ ತೀರಿಕೊಂಡಾಗ ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಚೆದುರಿಹೋದೀತು ಎಂದು ಹೆದರಿದ ಅಧಿಕಾರಿಗಳು ಸಾವನ್ನು ಗುಟ್ಟಾಗಿಟ್ಟರು. ಶವವನ್ನು ದೊಡ್ಡ ಪೆಟ್ಟಿಗೆಯೊಂದರಲ್ಲಿಟ್ಟು, ಖಜಾನೆ ಸಾಗಿಸುತ್ತಿದ್ದೇವೆ ಎಂಬಂತೆ ಕಾವಲು ಕೊಟ್ಟು ಕೋಲಾರಕ್ಕೆ ಕಳಿಸಿದರು. ಅಲ್ಲಿ ಅಪ್ಪ ಫತೇ ಮಹಮ್ಮದನ ಮಕ್ಬರದಲ್ಲಿ ಹೈದರನನ್ನು ಇರಿಸಲಾಯಿತು. ಶ್ರೀರಂಗಪಟ್ಟಣದ ಗುಂಬಜ್‌ಗೆ ಅವನು ಹೋದದ್ದು ಆಮೇಲೆ.

ಅಂದರೆ ಕೋಲಾರ ಸೀಮೆಯವರಿಗೆ ಶ್ರೀರಂಗಪಟ್ಟಣದ ಸುಲ್ತಾನರು ತೀರಾ ಹೊರಗಿನವರಲ್ಲ. ಹೈದರ್ 1720ರ ಆಸುಪಾಸಿನಲ್ಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅಪ್ಪ ಶಿರಾದ ನವಾಬನ ಕೈಕೆಳಗಿನ ಸೇನಾಧಿಕಾರಿ. ಇಷ್ಟೆಲ್ಲ ನಂಟಿದ್ದರೂ ನಮ್ಮವರು ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್ ನೋಡುವ ಬಗೆ ಒಂದೇ: ಶಾಲಾ ಪ್ರವಾಸ, ಇಲ್ಲವೇ ಊರಿನವರೆಲ್ಲ ಸೇರಿ ಮಾಡುವ ಮೈಸೂರು ಟೂರು. ಬೆಳಿಗ್ಗೆ ರಂಗನಾಥ, ಆಮೇಲೆ ನಿಮಿಷಾಂಬ, ಸಂಗಮದಲ್ಲಿ ಕಾಲು ತೊಳೆದು, ನಡುವೆ ಒಂದಿಷ್ಟು ಹೊತ್ತು ‘ಬೇಸಿಗೆ ಅರಮನೆ’. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಮೇಷ್ಟ್ರು ತಲೆ ಎಣಿಸುತ್ತಾರೆ, ಬಸ್ಸು ಜೂ ಕಡೆಗೆ ಹೊರಡುತ್ತದೆ. ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಹತ್ತು ಜನರನ್ನು ಕೇಳಿ ನೋಡಿ. ಹೋಗಿದ್ದೇವೆ ಎನ್ನುತ್ತಾರೆ, ಗೋಡೆಯ ಮೇಲೆ ಏನಿತ್ತು, ತೋಟದಲ್ಲಿ ಏನಿತ್ತು ಎಂದರೆ ಪಕ್ಕದವರ ಮುಖ ನೋಡುತ್ತಾರೆ.

ತೋಟವೆಂಬುದು ಅವಸರಕ್ಕೆ ಸಿಗುವ ವಸ್ತುವಲ್ಲ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ತೋಟ ಕೊಳ್ಳಲು ಬಂದ ವ್ಯಾಪಾರಿ ಬದುವಿನ ಮೇಲೆ ನಿಂತು ಬೆಲೆ ಹೇಳುವುದಿಲ್ಲ. ಒಳಗೆ ಹೊಕ್ಕು ಒಂದೊಂದು ಮರದ ಹೂವು, ಈಚು ನೋಡುತ್ತಾನೆ. ಸುಲ್ತಾನನ ತೋಟಕ್ಕೂ ಅಷ್ಟು ಹೊತ್ತು ಸಲ್ಲಬೇಕು. ಅದಕ್ಕೆ ಟೂರಿನ ಬಸ್ಸು ಬಿಟ್ಟು ನಾವೇ ಹೋಗುವುದು ಒಳ್ಳೆಯದು, ಟಿಕೆಟ್ ಮನೆಯಲ್ಲೇ ತೆಗೆದುಕೊಂಡು.

ಟಿಕೆಟಿನದು ದೊಡ್ಡ ವಿಷಯವೇನಲ್ಲ. ದರಿಯಾ ದೌಲತ್ ಇರುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿ. ಇಲಾಖೆಯ ಟಿಕೆಟ್ ತಾಣದಲ್ಲಿ ಶ್ರೀರಂಗಪಟ್ಟಣವನ್ನು ಹುಡುಕಿ, ದಿನಾಂಕ ಆರಿಸಿ, ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ತುಂಬಿ ಹಣ ಕಟ್ಟಿದರೆ ಕ್ಯೂಆರ್ ಕೋಡ್ ಇರುವ ಟಿಕೆಟ್ ಮೊಬೈಲಿಗೆ ಬರುತ್ತದೆ. 2018ರಲ್ಲಿ ನಿಗದಿಯಾದ ದರ ಹೀಗಿದೆ: ನಗದು ಕೊಟ್ಟರೆ 25 ರೂಪಾಯಿ, ಆನ್‌ಲೈನ್ ಆದರೆ 20. ವಿದೇಶಿಯರಿಗೆ 300 ಮತ್ತು 250. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಮೆರಿಕದಿಂದ ಬಂದ ತಂಗಿಯ ಮಕ್ಕಳ ಪಾಸ್‌ಪೋರ್ಟು ಯಾವ ಬಣ್ಣದ್ದು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಐದು ರೂಪಾಯಿ ಉಳಿತಾಯಕ್ಕಿಂತ ದಸರಾ ಮತ್ತು ಕ್ರಿಸ್‌ಮಸ್ ರಜೆಯ ಸಾಲನ್ನು ದಾಟಿ ಹೋಗುವುದೇ ನಿಜವಾದ ಲಾಭ. ಟಿಕೆಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗೇಟಿನ ಮುಂದೆ ನೆಟ್‌ವರ್ಕ್ ಹುಡುಕುತ್ತಾ ಕೈ ಮೇಲೆತ್ತಿ ನಿಲ್ಲುವವರನ್ನು ಎಲ್ಲ ಕಡೆ ನೋಡಿದ್ದೇವೆ.

ದಾರಿ ಊರಿನಿಂದ ಊರಿಗೆ ಬೇರೆ. ಮುಳಬಾಗಿಲು, ಕೋಲಾರದವರಿಗೆ ಹೆದ್ದಾರಿಯಲ್ಲಿ ಬೆಂಗಳೂರಿಗೆ ಸಾಲುಗಟ್ಟಿ ಬಸ್ಸುಗಳಿವೆ. ಹೆಂಗಸರಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆಯ ಬಸ್ಸು ಪುಕ್ಕಟೆ. ನಾದಿನಿ ಅತ್ತಿಗೆ ಇಬ್ಬರೇ ಹೊರಟರೂ ಇಡೀ ದಿನದಲ್ಲಿ ಸರ್ಕಾರಕ್ಕೆ ಕಟ್ಟುವ ಕಾಸು ಅರಮನೆಯ ಟಿಕೆಟಿನದೊಂದೇ ಆದೀತು. ಮಾಲೂರಿನವರ ಅದೃಷ್ಟ ಇನ್ನೂ ಚೆನ್ನ. ರೈಲು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊದ ನೇರಳೆ ಮಾರ್ಗದ ಕೊನೆಯ ನಿಲ್ದಾಣ. 2023ರ ಅಕ್ಟೋಬರಿನಿಂದ ಅಲ್ಲಿಂದ ಮೆಜೆಸ್ಟಿಕ್‌ವರೆಗೆ ಎಲ್ಲೂ ಇಳಿಯದೆ ಹೋಗಬಹುದು. ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಕೂತು ಬೆವರಿದವರಿಗೆ ಇದರ ಬೆಲೆ ಗೊತ್ತು. ಶ್ರೀನಿವಾಸಪುರಕ್ಕೂ ರೈಲಿದೆ, ಆದರೆ ಬಸ್ಸನ್ನು ನೆಚ್ಚಿಕೊಳ್ಳುವುದೇ ಸುಲಭ.

ಮೆಜೆಸ್ಟಿಕ್‌ನಿಂದ ಮುಂದಕ್ಕೆ ನಾನು ರೈಲಿನ ಪಕ್ಷ. ಮೈಸೂರು ಹೆದ್ದಾರಿ ಹತ್ತು ಪಥವಾದ ಮೇಲೆ ಹಲವು ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಪಟ್ಟಣದ ಒಳಗೆ ಬರುತ್ತೀರಾ ಎಂದು ಕಂಡಕ್ಟರನ್ನು ಹತ್ತುವ ಮುಂಚೆಯೇ ಕೇಳಬೇಕು. ರೈಲಾದರೆ ಕೋಟೆಯ ಮಡಿಲಲ್ಲೇ ಇಳಿಸುತ್ತದೆ, ಎಲ್ಲ ಎಕ್ಸ್‌ಪ್ರೆಸ್‌ಗಳೂ ನಿಲ್ಲುವುದಿಲ್ಲ ಎಂಬುದೊಂದು ನೆನಪಿರಲಿ. ಈ ಹಳಿಯ ಮೇಲೆ ಓಡುತ್ತಿದ್ದ ಟಿಪ್ಪು ಎಕ್ಸ್‌ಪ್ರೆಸ್‌ಗೆ 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. ಹಳಿ ಜೋಡಿಯಾಗುವಾಗ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ನಿಲ್ದಾಣದಲ್ಲಿ ಇಳಿದವರು ಅದನ್ನೊಮ್ಮೆ ನೋಡಿಯೇ ಆಟೊ ಹತ್ತಬಹುದು.

ದರಿಯಾ ದೌಲತ್ ಕೋಟೆಯ ಹೊರಗಿದೆ, ಕಾವೇರಿಯ ದಂಡೆಯಲ್ಲಿ. ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಗೇಟು ದಾಟಿದರೆ ಉದ್ದನೆಯ ನೇರ ದಾರಿ, ಎರಡೂ ಕಡೆ ಸೈಪ್ರಸ್ ಮರಗಳು, ಹುಲ್ಲುಹಾಸು. ಕೊನೆಯಲ್ಲಿ ಅಗಲ ಸೂರಿನ ತಗ್ಗು ಕಟ್ಟಡ. ಬಿಸಿಲು ತಾಗದಂತೆ ಸುತ್ತಲೂ ಹಸಿರು ಪರದೆ ಇಳಿಬಿಟ್ಟಿರುವುದರಿಂದ ದೂರಕ್ಕೆ ಗೋಡೆಯೇ ಕಾಣುವುದಿಲ್ಲ. ಮೈಸೂರು ಅರಮನೆಯ ಗೋಪುರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇಷ್ಟೇನಾ ಎನ್ನುತ್ತಾರೆ. ಹೌದು, ಇಷ್ಟೇ. ಇದು ದರ್ಬಾರು ನಡೆಸಿ ಬೆರಗುಗೊಳಿಸುವ ಅರಮನೆಯಲ್ಲ. ತೋಟದ ನಡುವೆ, ತೇಗದ ಕಂಬಗಳ ನೆರಳಲ್ಲಿ, ಹೊಳೆಯ ಗಾಳಿಗೆ ಕೂರಲು ಮಾಡಿಕೊಂಡ ಮನೆ. ನಾಲ್ಕೂ ಕಡೆಯ ಪಡಸಾಲೆ ನೋಡಿದರೆ ಇಲ್ಲಿ ಗೋಡೆಯಷ್ಟೇ ಗಾಳಿಗೂ ಲೆಕ್ಕವಿಟ್ಟು ಕಟ್ಟಿದ್ದಾರೆ ಎಂದು ತಿಳಿಯುತ್ತದೆ.

ಹುಲ್ಲುಹಾಸಿನ ಬಗ್ಗೆ ನನ್ನದೊಂದು ತಕರಾರಿದೆ. ಈಗ ಕಾಣುವ ಕತ್ತರಿಸಿದ ಹಸಿರು ಚಾಪೆ ನಮ್ಮ ಕಾಲದ ಪಾರ್ಕಿನ ರುಚಿ. ಆ ಕಾಲದ ತೋಟ ಹೇಗಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆ ಹೊತ್ತು ಮದರಾಸಿನಿಂದ ಹೊರಟ ಈ ವೈದ್ಯ ಘಾಟಿ ಹತ್ತಿ ನಮ್ಮ ಬೇತಮಂಗಲ, ಟೇಕಲ್ ದಾಟಿಯೇ ಬೆಂಗಳೂರಿಗೆ ಹೋದ. ಅಲ್ಲಿ ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿ ಬರೆದಿಟ್ಟ: ನೆಲವನ್ನು ಚೌಕ ಚೌಕವಾಗಿ ಹಂಚಿದ್ದಾರೆ, ನಡುವಿನ ದಾರಿಗಳ ಅಂಚಿಗೆ ಸೈಪ್ರಸ್, ಒಂದು ಪಾತಿಗೆ ಒಂದೇ ಜಾತಿ. ಒಂದು ಚೌಕದಲ್ಲಿ ಗುಲಾಬಿಯೇ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆ, ಮತ್ತೊಂದರಲ್ಲಿ ಸೊಪ್ಪು ತರಕಾರಿ. ಅಲ್ಲಿನ ಬಾವಿಗಳು ಬಲು ಆಳ, ನೀರಿನದೇ ಕಷ್ಟ ಎಂಬುದನ್ನೂ ಗಮನಿಸಿದ್ದ. ಇದನ್ನು ಓದಿದ ಮಾಲೂರಿನ ಗುಲಾಬಿ ಬೆಳೆಗಾರನಿಗೆ ಹೊಸದೇನೂ ಅನ್ನಿಸಲಾರದು. ಪಾತಿ, ಅಂಚು, ಒಂದು ಮಡಿಗೆ ಒಂದು ಬೆಳೆ, ಆಳದ ನೀರಿನ ಚಿಂತೆ: ಎಲ್ಲವೂ ಅವನ ಹೊಲದಲ್ಲೇ ಇದೆ. ಆಗಿನ ಬಾವಿಯ ಜಾಗದಲ್ಲಿ ಈಗ ಕೊಳವೆ ಬಾವಿ.

ಸುಲ್ತಾನರಿಗೆ ತೋಟ ಬರೀ ಸೊಗಸಿನದಾಗಿರಲಿಲ್ಲ. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಹೂವು ಹಣ್ಣಿನ ಬೀಜಗಳನ್ನೂ ಕೇಳಿದ್ದರು. ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕಿಸಲು ಹೊರಟವನೂ ಇವನೇ. ಇವತ್ತು ಕೋಲಾರ ಜಿಲ್ಲೆಯ ಹಿಪ್ಪುನೇರಳೆ ತೋಟಗಳ ನಡುವೆ ಬೆಳೆದವರಿಗೆ ದರಿಯಾ ದೌಲತ್‌ನ ಹುಲ್ಲಿನ ಮೇಲೆ ನಿಂತು ಒಂದು ಮಾತು ಕೇಳುವ ಹಕ್ಕಿದೆ: ಇಲ್ಲಿ ಹಣ್ಣು ಬಿಡುವ ಮರಗಳೆಲ್ಲ ಎಲ್ಲಿ ಹೋದವು? ಒಂದು ಮೂಲೆಯಲ್ಲಾದರೂ ನಾಲ್ಕು ಚೌಕ ಪಾತಿ ಮಾಡಿ ಗುಲಾಬಿ, ದಾಳಿಂಬೆ, ಅಂಜೂರ ಹಾಕಿದರೆ ಮಕ್ಕಳಿಗೆ ಇತಿಹಾಸ ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ. ಅಂಜೂರವನ್ನು ಸುಮ್ಮನೆ ಸೇರಿಸಲಿಲ್ಲ. ಪಕ್ಕದ ಗಂಜಾಮ್ ಅಂಜೂರಕ್ಕೇ ಹೆಸರಾದ ಊರು.

ನೀರಿನ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಈ ತೋಟದ ಪಕ್ಕ ಹರಿಯುವ ಕಾವೇರಿಯ ನೀರು ಪಂಪು ಹತ್ತಿ ಬೆಂಗಳೂರಿಗೆ ಬರುತ್ತದೆ. ಬೆಂಗಳೂರು ಬಳಸಿ ಬಿಟ್ಟದ್ದು ಶುದ್ಧೀಕರಣವಾಗಿ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಯಲ್ಲಿ 2018ರಿಂದ ನಮ್ಮ ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತದೆ. ಸುಲ್ತಾನನ ಹೊಳೆ ಹೀಗೆ ಸುತ್ತುಬಳಸಿ, ಎರಡನೇ ಕೈಯಾಗಿ, ಅವನ ಅಜ್ಜನ ಸೀಮೆಗೆ ಬಂದು ಸೇರಿದೆ. ಆ ನೀರಿನ ಗುಣದ ಬಗ್ಗೆ ಕೋಲಾರದ ರೈತರು ಎತ್ತಿದ ಪ್ರಶ್ನೆಗಳದ್ದು ಬೇರೆಯೇ ಲೇಖನ.

ಈಗ ಗೋಡೆಗಳಿಗೆ ಬರೋಣ. ಹೊತ್ತು ಬೇಕಾಗುವುದು ಇಲ್ಲೇ. ಪಡುವಣ ಗೋಡೆಯ ತುಂಬ 1780ರ ಸೆಪ್ಟೆಂಬರಿನ ಪೊಳ್ಳಿಲೂರು ಕದನ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ತುಕಡಿಯನ್ನು ನುಚ್ಚುನೂರು ಮಾಡಿದ ದಿನ. ಚಿತ್ರದ ನಡುವೆ ಚೌಕವಾಗಿ ಒತ್ತಿಕೊಂಡು ನಿಂತ ಕೆಂಪು ಅಂಗಿಯ ಸಿಪಾಯಿಗಳು, ಅವರೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೈಲಿ, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ಸುತ್ತ ನಾಲ್ಕೂ ಕಡೆಯಿಂದ ಕುದುರೆ, ಕತ್ತಿ, ಉರುಳುವ ತಲೆಗಳು. ಸಮಯಕ್ಕೆ ಬಾರದ ನಿಜಾಮನನ್ನು ಹಂದಿಯ, ಹಸುವಿನ ಚಿತ್ರದಿಂದ ಗೇಲಿ ಮಾಡಿದ್ದಾರೆ. ಮಕ್ಕಳಿಗೆ ಅದನ್ನು ಹುಡುಕಲು ಬಿಟ್ಟರೆ ಅರ್ಧ ಗಂಟೆ ಸದ್ದಿಲ್ಲ. ಇಷ್ಟೆಲ್ಲ ರಕ್ತದ ನಡುವೆ ಟಿಪ್ಪು ಕುದುರೆಯ ಮೇಲೆ ಹೂವು ಮೂಸುತ್ತಾ ಬರುವಷ್ಟು ನಿಶ್ಚಿಂತನಾಗಿ ಕಾಣುತ್ತಾನೆ. ದೊರೆಯನ್ನು ಹೀಗೆ ಬರೆಯುವುದು ಆ ಕಾಲದ ಪದ್ಧತಿ.

ಮೂಡಣ ಗೋಡೆಯಲ್ಲಿ ಸಾಲು ಸಾಲಾಗಿ ದರ್ಬಾರುಗಳು. ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ತಂಜಾವೂರಿನ ರಾಜ, ಮುಮ್ಮಡಿ ಕೃಷ್ಣರಾಜ ಒಡೆಯರ್. ಸ್ವಲ್ಪ ತಡೆಯಿರಿ. ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ, ಅರಮನೆ 1784ರದ್ದು. ಹಾಗಾದರೆ ಈ ಗೋಡೆಯ ಮೇಲೆ ಆಮೇಲೂ ಕುಂಚ ಆಡಿದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸವಾಗಿದ್ದ. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡು, ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1850ರ ದಶಕದಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಮಾಸಿದ ಚಿತ್ರಗಳನ್ನು ಮತ್ತೆ ಬರೆಸಲು ಆಜ್ಞೆ ಮಾಡಿದ. ತಮ್ಮವರು ಸೋತ ಯುದ್ಧದ ಚಿತ್ರಕ್ಕೆ ಬ್ರಿಟಿಷರೇ ಬಣ್ಣ ಬಳಿಸಿದರೆಂದರೆ, ಆ ಹೊತ್ತಿಗೆ ಸೋಲು ಅವರಿಗೆ ನೋಯದಷ್ಟು ಹಳೆಯದಾಗಿತ್ತೆಂದೇ ಲೆಕ್ಕ. ಟೂರಿನ ಗೈಡ್ ಈ ಇಸವಿಗಳ ಗೊಡವೆಗೆ ಹೋಗುವುದಿಲ್ಲ. ‘ಎಲ್ಲ ಟಿಪ್ಪು ಬರೆಸಿದ್ದು, ಸೊಪ್ಪಿನ ಬಣ್ಣ’ ಎಂದು ಮುಂದೆ ನಡೆಸುತ್ತಾನೆ. ನಾವೇ ಹೋದಾಗ ಗೋಡೆಯ ಮುಂದೆ ನಿಂತು ಇಸವಿ ಕೂಡಿ ಕಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಒಳಗೆ ಫೋಟೊ ತೆಗೆಯುವಂತಿಲ್ಲ ಎಂಬ ನಿಯಮವೂ ಒಂದು ರೀತಿಯಲ್ಲಿ ಉಪಕಾರವೇ.

ಅಲ್ಲಿಂದ ಆಟೊದಲ್ಲಿ ಗಂಜಾಮಿನ ಕಡೆ ಹೋದರೆ ಗುಂಬಜ್. ಶಿರಾದಿಂದ ಕುಟುಂಬಗಳನ್ನು ತಂದು ನೆಲೆಗೊಳಿಸಿದ ಪೇಟೆ ಗಂಜಾಮ್. ಗುಂಬಜ್ ಇರುವ ಜಾಗಕ್ಕೂ ಲಾಲ್‌ಬಾಗ್ ಎಂದೇ ಹೆಸರು. ಅಲ್ಲೊಂದು ಅರಮನೆಯೂ ಇತ್ತು, ಈಗಿಲ್ಲ. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ತೇಗದ ತೊಲೆಗಳು ನೀಲಗಿರಿ ಹತ್ತಿ, 1830ರ ಹೊತ್ತಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಹೊತ್ತವು. ಗುಂಬಜ್‌ನ ಸುತ್ತ 36 ಕಪ್ಪು ಕಲ್ಲಿನ ಕಂಬಗಳು, ಒಳಗೆ ಹುಲಿಪಟ್ಟೆಯ ಬಣ್ಣ. ಕೋಲಾರದಿಂದ ಬಂದ ಹೈದರ್, ಅವನ ಹೆಂಡತಿ ಫಾತಿಮಾ ಬೇಗಂ, ಮಗ ಟಿಪ್ಪು, ಮೂವರೂ ಒಂದೇ ಕೋಣೆಯಲ್ಲಿದ್ದಾರೆ. ಗೋಡೆಯ ಚಿತ್ರದಲ್ಲಿ ಕಂಡ ಬೈಲಿ ಸೆರೆಯಲ್ಲೇ 1782ರಲ್ಲಿ ಸತ್ತ. ಅವನ ಸ್ಮಾರಕವೂ ಇಲ್ಲೇ ಹತ್ತಿರದಲ್ಲಿದೆ. ಗೆದ್ದವನೂ ಸೋತವನೂ ಒಂದೇ ವರ್ಷ ತೀರಿಕೊಂಡದ್ದನ್ನು ಟೂರ್ ಬಸ್ಸಿನವರು ಗಮನಿಸುವುದು ಕಷ್ಟ.

ಅಷ್ಟು ದೂರ ಆಗದು, ಸಂಜೆಗೆ ಹಸು ಕರೆಯಲು ಮನೆ ಸೇರಲೇಬೇಕು ಎನ್ನುವವರಿಗೆ ಬೆಂಗಳೂರಿನಲ್ಲೇ ಚಿಕ್ಕ ದಾರಿಯಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ, ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕದಲ್ಲೇ ಟಿಪ್ಪುವಿನ ಇನ್ನೊಂದು ಬೇಸಿಗೆ ಅರಮನೆ. ಹೈದರ್ 1781ರಲ್ಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ; 1868ರಲ್ಲಿ ಅಠಾರಾ ಕಚೇರಿಗೆ ಹೋಗುವವರೆಗೂ ಸರ್ಕಾರದ ಕಚೇರಿಗಳು ಇಲ್ಲೇ ಇದ್ದವು. ಇದರ ಟಿಕೆಟ್ಟೂ ಅದೇ ತಾಣದಲ್ಲಿ, ಅದೇ 20 ರೂಪಾಯಿ. ಮತ್ತೆ ಮೆಟ್ರೊ ಹತ್ತಿದರೆ ಲಾಲ್‌ಬಾಗ್, 1760ರಲ್ಲಿ ಹೈದರ್ ಶಿರಾದ ತೋಟದ ಮಾದರಿಯಲ್ಲಿ ಹಾಕಿಸಲು ತೊಡಗಿದ್ದು, ಈಗ 240 ಎಕರೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ವಾರಗಳನ್ನು ಬಿಟ್ಟು ಹೋಗಿ. ಆಗ ಕಾಣುವುದು ಜನರ ಬೆನ್ನು ಮಾತ್ರ. ಉಳಿದ ದಿನಗಳಲ್ಲಿ ಬೆಳಿಗ್ಗೆ ಹೋದರೆ ಹಳೆಯ ಮಾವಿನ ಮರಗಳ ಕೆಳಗೆ ಕಲ್ಲುಬೆಂಚು ಖಾಲಿ ಸಿಗುತ್ತದೆ. ಮಧ್ಯಾಹ್ನ ವಿ.ವಿ. ಪುರದ ಕಡೆ ಊಟ ಮುಗಿಸಿ ನಾಲ್ಕರೊಳಗೆ ಮೆಟ್ರೊ ಹಿಡಿದರೆ, ಆಫೀಸು ಬಿಡುವ ನೂಕುನುಗ್ಗಲು ಶುರುವಾಗುವ ಮುಂಚೆ ವೈಟ್‌ಫೀಲ್ಡ್ ದಾಟಿ ಮಾಲೂರಿನ ಕಡೆ ಹೊರಡಬಹುದು.